ಬಾಯಿಲ್ಲದ ಹುಳಗಳ ಪರವಾಗಿ

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನಮ್ಮತ್ತೆಯ ಹಟವನ್ನು ಸುಡಲು ಮನೆಯಲ್ಲಿ ಎಲ್ಲರೂ ಒಂದೊಂದು ಸಲ ಕಡ್ಡಿ ಗೀರಿ ನೋಡಿದವರೇ. ಅವಳಿಗೆ ಬಿಸಿ ಕೂಡ ತಗಲಲಿಲ್ಲ. ಅಪ್ಪನ ತಂಗಿ ಅವಳು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯ ಮಹಡಿ ಕೋಣೆಯಲ್ಲಿದ್ದಳು. ಬಂದರಿನ ಹಿಂದಿನ ಬೀದಿಯ ಸಮುದ್ರ ಸಂಗ್ರಹಾಲಯದಲ್ಲಿ ಮಾದರಿಗಳನ್ನು ಮಾಡುವುದು ಅವಳ ಕೆಲಸ. ಅಲ್ಲಿನ ಗಾಜಿನ ಪೆಟ್ಟಿಗೆಗಳಲ್ಲಿರುವ ಮೀನು, ಏಡಿ, ಆಮೆಗಳಲ್ಲಿ ಅರ್ಧಕ್ಕರ್ಧ ಮೇಣ, ರಬ್ಬರು, ಬಣ್ಣಗಳಿಂದ ಅವಳ ಕೈಯಲ್ಲೇ ಹುಟ್ಟಿದವು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಬಣ್ಣ ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಅಮ್ಮ ಆ ಕೈ ನೋಡಿ, “ಇವತ್ತು ಯಾವ ಮೀನು?” ಎಂದು ಕೇಳುತ್ತಿದ್ದಳು.

ಒಂದು ವರ್ಷ ಸಂಗ್ರಹಾಲಯದಲ್ಲಿ ಆಳ ಸಮುದ್ರದ ಹೊಸ ಕೋಣೆಯೊಂದನ್ನು ಕಟ್ಟಿಸಿದರು. ಖರ್ಚು ಒಂದು ಎಣ್ಣೆ ಕಂಪನಿಯದು. ಸಮುದ್ರದ ತಳದಲ್ಲಿ ಕೆಲವು ಕಡೆ ನೆಲದ ಬಿರುಕುಗಳಿಂದ ಎಣ್ಣೆ, ಅನಿಲ ತಾವಾಗಿಯೇ ಒಸರುತ್ತವೆ. ಯಾರೂ ಕೊರೆದದ್ದಲ್ಲ, ಯಾರೂ ಚೆಲ್ಲಿದ್ದಲ್ಲ. ಯುಗಯುಗಗಳಿಂದ ತೊಟ್ಟು ತೊಟ್ಟಾಗಿ ಬರುತ್ತಿರುವುದು. ಆ ಒಸರಿನ ಸುತ್ತ ಹುಳಗಳು ಪೊದೆ ಪೊದೆಯಾಗಿ ಬೆಳೆಯುತ್ತವೆ. ಆಳೆತ್ತರದ ಗಟ್ಟಿ ಕೊಳವೆ, ತುದಿಯಲ್ಲಿ ಕೆಂಪು ಗರಿ, ಅಷ್ಟೆ. ಬಾಯಿಲ್ಲ, ಕರುಳಿಲ್ಲ. ಅಲ್ಲಿನ ಕೆಸರಿನಲ್ಲಿ ಹುಟ್ಟುವ, ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ಬೇರಿನಂಥ ಬುಡದಿಂದ ಹೀರಿಕೊಂಡು, ಮೈಯೊಳಗೆ ಸಾಕಿಕೊಂಡ ಸೂಕ್ಷ್ಮಜೀವಿಗಳಿಗೆ ಕೊಡುತ್ತವೆ. ಆ ಜೀವಿಗಳು ಅದರಿಂದ ಆಹಾರ ತಯಾರಿಸಿ ಹುಳವನ್ನು ಸಾಕುತ್ತವೆ. ಹಾಗೆ ಇನ್ನೂರು ವರ್ಷ ದಾಟಿ ಬದುಕುವ ಹುಳಗಳೂ ಇವೆ.

ಸಂಗ್ರಹಾಲಯದ ಜೀವಶಾಸ್ತ್ರದ ಮೇಡಂ ಇದನ್ನೆಲ್ಲ ಸಾವಧಾನವಾಗಿ ವಿವರಿಸಿ, ಸ್ಪಿರಿಟ್ಟಿನಲ್ಲಿಟ್ಟ ನಿಜವಾದ ಹುಳವೊಂದನ್ನು ಅತ್ತೆಯ ಮೇಜಿನ ಮೇಲಿಟ್ಟು ಹೋದರು. ಅತ್ತೆ ಆ ಜಾಡಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮನೆಯಲ್ಲೂ ಅದೇ ಮಾತು, ಬೀದಿಯಲ್ಲೂ ಅದೇ ಮಾತು. ಜನ ಅವಳನ್ನು ಹುಳದತ್ತೆ ಎಂದು ಕರೆಯತೊಡಗಿದ್ದು ಆಗಲೇ.

ಮಾದರಿ ಅರ್ಧ ಆಗಿದ್ದಾಗ ಕಂಪನಿಯ ಪ್ರಚಾರದವನು ನೋಡಲು ಬಂದ. ಜೊತೆಗೆ ಸಂಗ್ರಹಾಲಯದ ನಿರ್ದೇಶಕರು. ಯಾರು ಏನು ಕೇಳಿದರೂ “ಆಗಲಿ” ಎನ್ನುವವರಾದ್ದರಿಂದ ಅವರಿಗೆ ಆಗಲಿ ಸಾಹೇಬರು ಅಂತಲೇ ಹೆಸರು.

“ಇದರ ಬಾಯೆಲ್ಲಿ?” ಪ್ರಚಾರದವನು ಕೇಳಿದ.

“ಇಲ್ಲ,” ಎಂದಳು ಅತ್ತೆ.

“ಒಂದು ನಗೋ ಬಾಯಿ ಇಟ್ಬಿಡಿ. ಎಣ್ಣೆ ಕುಡ್ಕೊಂಡು ಖುಷಿಯಾಗಿರೋ ಹಾಗೆ. ಗೋಡೆ ಮೇಲೆ ದೊಡ್ಡದಾಗಿ ಫಲಕ ಹಾಕ್ತೀವಿ, ‘ಎಣ್ಣೆಯೇ ಸಮುದ್ರದ ತಾಯಿಹಾಲು’ ಅಂತ.”

“ಆಗಲಿ,” ಎಂದರು ಸಾಹೇಬರು.

“ಆಗಲ್ಲ,” ಎಂದಳು ಅತ್ತೆ. “ಅದು ಎಣ್ಣೆ ಕುಡಿಯಲ್ಲ. ಕುಡಿಯೋಕೆ ಬಾಯಿಲ್ಲ. ಇಲ್ಲದ್ದನ್ನ ಇದೆ ಅಂತ ಮಾಡೋಕೆ ನನಗೆ ಕೈ ಬರಲ್ಲ.”

ಅಲ್ಲೇ ಇದ್ದ ಜೀವಶಾಸ್ತ್ರದ ಮೇಡಂಗೂ ಇದೆಲ್ಲ ಚೆನ್ನಾಗಿಯೇ ಗೊತ್ತಿತ್ತು. ಅವರು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದರು. ಅವರನ್ನು ನಾನು ದೂರುವುದಿಲ್ಲ. ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಅತ್ತೆಗೆ ಉರಿ ಹತ್ತಿಸಿದ್ದು ಬಾಯಿಗಿಂತ ಹೆಚ್ಚಾಗಿ ಆ ಫಲಕ. ಅವಳು ಹುಡುಗಿಯಾಗಿದ್ದಾಗ ಎಣ್ಣೆ ತುಂಬಿದ ಹಡಗೊಂದು ಬಂದರಿನ ಹೊರಗೆ ಬಂಡೆಗೆ ಬಡಿದು ಒಡೆದಿತ್ತು. ನಮ್ಮ ಬೀದಿಯಲ್ಲಿ ಇವತ್ತಿಗೂ ಅದನ್ನು ಕರಿ ವರ್ಷ ಎನ್ನುತ್ತಾರೆ. ದಡಕ್ಕೆ ದಡವೇ ತಾರು ಬಳಿದಂತಾಯಿತು. ಏಡಿ, ಕಪ್ಪೆಚಿಪ್ಪು, ಮರಳಿನೊಳಗಿನ ಹುಳ ಎಲ್ಲ ಸತ್ತು ನಾರಿದವು. ಆಗಷ್ಟೇ ದೋಣಿ ಹತ್ತಲು ಕಲಿತಿದ್ದ ಅಪ್ಪ ದಡದಲ್ಲೇ ಉಳಿದು ಮಂಜುಗಡ್ಡೆ ಕಾರ್ಖಾನೆ ಸೇರಿದ. ಅತ್ತೆ ಎಣ್ಣೆ ಮೆತ್ತಿದ ಹಕ್ಕಿಗಳನ್ನು ಸಾಬೂನು ಹಾಕಿ ತೊಳೆದಳು. ಹೆಚ್ಚಿನವು ಅವಳ ಮಡಿಲಲ್ಲೇ ಸತ್ತವು. ಒಸರುವುದು ಬೇರೆ, ಸುರಿಯುವುದು ಬೇರೆ ಎಂದು ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ವಿಷಯ ಮನೆಗೂ ಬಂತು. ಬಾಯಿ ಇಡದಿದ್ದರೆ ಕೆಲಸ ಬಿಡಿ ಎಂದು ಸಾಹೇಬರು ಹೇಳಿ ಕಳಿಸಿದ್ದರು.

“ನಿವೃತ್ತಿ ಹತ್ರ ಬಂದಿದೆ,” ಎಂದ ಅಪ್ಪ ಊಟಕ್ಕೆ ಕೂತು. “ಒಂದು ಬಾಯಿ ಅಂಟಿಸಿ ಕೈ ತೊಳ್ಕೊ. ಹುಳ ಬಂದು ನಿನ್ನ ಕೇಳುತ್ತಾ?”

“ಕೇಳಲ್ಲ ಅಣ್ಣಾ. ಅದಕ್ಕೇ ನಾನು ಕೇಳ್ತಿದೀನಿ.”

“ನೀರಲ್ಲಿದ್ದು ಮೊಸಳೆ ಜೊತೆ ಸೆಣಸಬಾರದು.”

“ನೀನು ದಡ ಹತ್ತಿ ಎಷ್ಟು ಸುಖಪಟ್ಟೆ?”

ಅಪ್ಪ ತಟ್ಟೆ ಬಿಟ್ಟು ಎದ್ದ. ಆ ಮಾತು ಹೆಚ್ಚಾಯಿತು ಎಂದು ನನಗೂ ಅನ್ನಿಸಿತು. ಅತ್ತೆ ಮಾತ್ರ ತನ್ನ ತಟ್ಟೆಯಲ್ಲಿದ್ದದ್ದನ್ನು ಕೊನೆಯ ತುತ್ತಿನವರೆಗೂ ಉಂಡಳು.

ಮರುದಿನ ಅವಳು ಅಷ್ಟು ದಿನ ಮಾಡಿಟ್ಟಿದ್ದ ಮೇಣದ ಗರಿಗಳನ್ನೆಲ್ಲ ಕರಗಿಸಿಬಿಟ್ಟಳು. ಹೊಸ ಗರಿಗಳನ್ನು ಸಿಲಿಕೋನ್ ರಬ್ಬರಿನಲ್ಲಿ ಎರಕ ಹೊಯ್ದಳು. ಅಚ್ಚು ತೆಗೆಯಲು ಬಳಸುವ ರಬ್ಬರು ಅದು. ಒಮ್ಮೆ ಗಟ್ಟಿಯಾದರೆ ಅದರ ಮೈಗೆ ಅಂಟಾಗಲಿ ಬಣ್ಣವಾಗಲಿ ಕಚ್ಚುವುದಿಲ್ಲ. ಕೆಂಪನ್ನು ಎರಕ ಹೊಯ್ಯುವ ಮೊದಲೇ ಕಲಸಿಕೊಳ್ಳಬೇಕು. ದುಪ್ಪಟ್ಟು ಕೆಲಸ. ಆದರೂ ಅವಳು ಒಂದೊಂದು ಗರಿಯನ್ನೂ ಜಾಡಿಯ ಹುಳದ ಪಕ್ಕ ಹಿಡಿದು ನೋಡಿ ಮುಗಿಸಿದಳು.

ಮುಗಿದ ಮೇಲೆ ಸಾಹೇಬರ ಕೋಣೆಗೆ ಹೋಗಿ ಹೇಳಿದಳು: “ಬಾಯಿ ಇಟ್ಟಿಲ್ಲ ಸರ್. ಬೇರೆ ಯಾರ ಕೈಲಿ ಅಂಟಿಸಿದ್ರೂ ಈ ರಬ್ಬರ್ ಮೇಲೆ ನಿಲ್ಲಲ್ಲ. ಆಮೇಲೆ ಹೇಳಲಿಲ್ಲ ಅನ್ಬೇಡಿ.”

ಬರೀ ಬೆದರಿಕೆ ಎಂದುಕೊಂಡರು ಸಾಹೇಬರು. “ನಾಳೆಯಿಂದ ಬರಬೇಡಿ,” ಎಂದರು.

“ಆಗಲಿ,” ಎಂದಳು ಅತ್ತೆ.

ಅವರು ನಾಟಕದ ಸಾಮಾನು ಮಾಡುವವನೊಬ್ಬನನ್ನು ಕರೆಸಿ, ನಗುವ ಪುಟ್ಟ ಬಾಯಿಗಳನ್ನು ಮಾಡಿಸಿ, ಬಲವಾದ ಅಂಟು ಹಾಕಿಸಿ ಗರಿಗಳ ಬುಡಕ್ಕೆ ಒತ್ತಿಸಿದರು. ತಣ್ಣಗಿನ ಕತ್ತಲೆ ಕೋಣೆಯಲ್ಲಿ ಅವು ಹೇಗೋ ನಿಂತುಕೊಂಡವು. ಸುದ್ದಿ ಅತ್ತೆಯ ಕಿವಿಗೂ ಬಿತ್ತು. ಕೋಣೆಯ ಉದ್ಘಾಟನೆಯ ದಿನ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ನನ್ನನ್ನೂ ಕರೆದುಕೊಂಡು ಹೊರಟಳು.

“ಕರೆಯದೆ ಹೋಗ್ತಾರಾ?” ಎಂದ ಅಪ್ಪ.

“ಸಾರ್ವಜನಿಕರಿಗೆ ಸ್ವಾಗತ ಅಂತ ಬಾಗಿಲಲ್ಲೇ ಬರೆದಿದ್ದಾರೆ.”

ಅಪ್ಪ ಗೊಣಗುತ್ತ ಚಪ್ಪಲಿ ಮೆಟ್ಟಿ ನಮ್ಮ ಹಿಂದೆಯೇ ಬಂದ.

ಕೋಣೆ ಕಿಕ್ಕಿರಿದಿತ್ತು. ನಮ್ಮ ಬೀದಿಯ ಮುಕ್ಕಾಲು ಜನ ಅಲ್ಲಿದ್ದರು. ಪ್ರಚಾರದವನು ಭಾಷಣ ಶುರು ಮಾಡಿದ. ಗಾಜಿನೊಳಗೆ ದೊಡ್ಡ ದೀಪಗಳು ಹೊತ್ತಿಕೊಂಡವು, ಅತ್ತೆಯ ಹುಳಗಳು ಕೆಂಪಗೆ ಹೊಳೆದವು. ಪ್ರತಿ ಗರಿಯ ಬುಡದಲ್ಲೂ ಒಂದೊಂದು ಬಾಯಿ ನಗುತ್ತಿತ್ತು. ದೀಪದ ಕಾವು ಏರಿತು. ಒಂದು ಬಾಯಿ ಓರೆಯಾಗಿ, ಜಾರಿ, ಕೆಳಗೆ ಬಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲಾಗಿ ಉದುರತೊಡಗಿದವು.

ಮುಂದೆ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು, “ಅಮ್ಮಾ, ಅದರ ಬಾಯಿ ಬಿದ್ದೋಯ್ತು,” ಎಂದಳು. ಜನ ನಕ್ಕರು.

“ಅದಕ್ಕೆ ಬಾಯೇ ಇಲ್ಲ ಮಗಾ,” ಎಂದಳು ಅತ್ತೆ ಹಿಂದಿನಿಂದ, ಎಲ್ಲರಿಗೂ ಕೇಳುವಂತೆ. “ಅದು ಎಣ್ಣೆ ಕುಡಿಯಲ್ಲ. ಬಾಯಿ ಅಂಟಿಸಿದ್ದು ಇವರು.”

ಕಾವಲುಗಾರ ಅವಳ ಕಡೆ ಬಂದ. ಪ್ರಚಾರದವನು ಬೆವರು ಒರೆಸಿಕೊಂಡು, “ಸಣ್ಣ ದೋಷ, ಕ್ಷಮಿಸಿ. ಫಲಕದಲ್ಲಿರೋದು ಮಾತ್ರ ಸತ್ಯ,” ಎಂದ.

ಆಗ ಅಪ್ಪ ಕೈ ಎತ್ತಿದ. ಮನೆಯಲ್ಲಿ ನಲ್ಲಿ ಕೆಟ್ಟರೂ ಪಕ್ಕದ ಮನೆಯವರಿಗೆ ಕೇಳಬಾರದೆಂದು ಮೆಲ್ಲಗೆ ಬೈಯುವ ನನ್ನ ಅಪ್ಪ.

“ಸ್ವಾಮಿ, ನಂದೊಂದು ಪ್ರಶ್ನೆ. ಕರಿ ವರ್ಷ ಈ ದಡಕ್ಕೆ ತಾಯಿಹಾಲು ಹಡಗುಗಟ್ಟಲೆ ಬಂದಿತ್ತು. ನಮ್ಮ ಮರಳಲ್ಲಿ ಒಂದು ಹುಳನೂ ಯಾಕೆ ಬದುಕಲಿಲ್ಲ?”

ಪ್ರಚಾರದವನು ಸಾಹೇಬರ ಮುಖ ನೋಡಿದ. “ನಮ್ಮ ಏಡಿಗಳು?” ಎಂದರು ಯಾರೋ. “ನಮ್ಮ ಚಿಪ್ಪು?” ಎಂದಳು ಮೂಲೆಯಿಂದ ಮೀನು ಮಾರುವ ಅಜ್ಜಿ. ಕಾವಲುಗಾರನೂ ನಮ್ಮ ಬೀದಿಯವನೇ. ಅತ್ತೆಯ ಮೊಣಕೈ ಹಿಡಿಯಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅತ್ತೆ ಅಣ್ಣನನ್ನೇ ನೋಡುತ್ತಿದ್ದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಫಲಕ ಆ ವಾರವೇ ಇಳಿಯಿತು. ಕೆಲಸ ಮಾತ್ರ ಮರಳಿ ಸಿಗಲಿಲ್ಲ. ಅವಳೂ ಕೇಳಲು ಹೋಗಲಿಲ್ಲ. ಈಗ ಮನೆಯಲ್ಲೇ ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸುತ್ತಾಳೆ.

ಅಂಟು ಕಚ್ಚದಿದ್ದರೂ ಆ ರಬ್ಬರಿಗೆ ಧೂಳು ಬೇಗ ಹಿಡಿಯುತ್ತದೆ. ಸ್ವಲ್ಪ ದಿನ ಕಳೆದ ಮೇಲೆ ಅತ್ತೆ ಮೆತ್ತನೆಯ ಕುಂಚ ಹಿಡಿದು, ಎಲ್ಲರಂತೆ ಟಿಕೆಟ್ ಕೊಂಡು, ಸಂಗ್ರಹಾಲಯಕ್ಕೆ ಹೋದಳು. ಜೊತೆಗೆ ನಾನಿದ್ದೆ. ಸಾಹೇಬರು ಎದುರು ಬಂದರು.

“ಪೆಟ್ಟಿಗೆಯ ಬೀಗದ ಕೈ ಕೊಡಿ ಸರ್. ಗರಿ ಒರೆಸಬೇಕು.”

“ನಿಮಗೆ ಇಲ್ಲಿ ಕೆಲಸ ಇಲ್ಲಮ್ಮ.”

“ಕೆಲಸ ಇಲ್ಲ. ಹುಳ ಇದೆ,” ಎಂದಳು ಅತ್ತೆ, ಚಾಚಿದ ಕೈಯನ್ನು ಹಿಂದೆಗೆಯದೆ.

ಸಾಹೇಬರು ಗೋಡೆಯಲ್ಲಿ ಫಲಕದ ಮೊಳೆಗಳು ಬಿಟ್ಟುಹೋದ ತೂತುಗಳನ್ನು ನೋಡಿದರು. ಅವರ ಬಾಯಿಂದ ಆಗಲಿ ಎಂಬ ಮಾತು ಬರಲಿಲ್ಲ. ಜೇಬಿನಿಂದ ಬೀಗದ ಕೈ ತೆಗೆದುಕೊಟ್ಟರು.