ಒಂದು ಡಬರಿ ಅನ್ನ

ದೆವ್ವ, ಗಾಳಿ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಪೈಕಿ ನಾನು. ಹರಪನಹಳ್ಳಿಯಲ್ಲಿ ನನ್ನದು ಶಾಮಿಯಾನ ಮತ್ತು ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಪಾತ್ರೆಯಲ್ಲಿ ಹಾಕಿದ್ದು ಇರುತ್ತದೆ, ಹಾಕದ್ದು ಇರುವುದಿಲ್ಲ. ಇಷ್ಟೇ ನನ್ನ ವೇದಾಂತ. ಈಗ ಹೇಳಲು ಹೊರಟಿರುವುದನ್ನು ನೀವು ನಂಬಲೇಬೇಕೆಂದು ಕೇಳುವುದಿಲ್ಲ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಹಗರಿಬೊಮ್ಮನಹಳ್ಳಿ ಕಡೆ, ತುಂಗಭದ್ರೆಯ ಹಿನ್ನೀರಿನ ದಂಡೆಯ ಒಂದು ಹಳ್ಳಿಯಲ್ಲಿ ಬೀಗರ ಊಟ. ಪಾತ್ರೆ ನಮ್ಮವು, ಅಡುಗೆ ಹುಸೇನ್ ಚಾಚಾ ಅವರದು. ಚಾಚಾ ನಮ್ಮ ಓಣಿಯವರೇ. ಹರೆಯದಲ್ಲಿ ಸರಕಿನ ಹಡಗಿನ ಅಡುಗೆಯವರಾಗಿ ದೇಶ ಸುತ್ತಿ ಬಂದವರು. ಅವರ ಅಂದಾಜು ತಪ್ಪಿದ್ದೇ ಇಲ್ಲ. ಅನ್ನ ಸಾಲದೆ ಯಾರ ಮಾನವೂ ಹೋಗಿರಲಿಲ್ಲ, ಮಿಕ್ಕಿತೆಂದು ನಾಯಿಗೆ ಸುರಿದದ್ದೂ ಇರಲಿಲ್ಲ.

ಅಂದು ಮಧ್ಯಾಹ್ನ ಕಡೆಯ ಪಂಕ್ತಿ ಏಳುವ ಹೊತ್ತಿಗೆ ಚಾಚಾ ನೀರಿನ ಕಡೆ ನೋಡುತ್ತ ನಿಂತುಬಿಟ್ಟರು. ಆಮೇಲೆ ಯಾರನ್ನೂ ಕೇಳದೆ ದೊಡ್ಡ ಡಬರಿಗೆ ಎಸರಿಟ್ಟರು. ಊಟ ಮುಗೀತಲ್ಲ ಚಾಚಾ, ಇದ್ಯಾರಿಗೆ ಎಂದೆ.

"ಮಂದಿ ಬರಾಕತ್ಯಾರ ತಮ್ಮಾ. ಅರಿವಿ ಬೀಸಾಕತ್ಯಾರ, ನೋಡು."

ಬಟ್ಟೆ ಬೀಸುವವರು ಯಾರೂ ಇರಲಿಲ್ಲ, ನನಗೆ ಕಂಡದ್ದು ಬಿಸಿಲಿಗೆ ಮಿಂಚುವ ನೀರು ಮಾತ್ರ. ವಯಸ್ಸಾಯಿತು, ಹೊಗೆಗೆ ಕಣ್ಣು ಮಂಜಾಗಿರಬೇಕು ಎಂದುಕೊಂಡೆ. ಅನ್ನ ಬೆಂದಿತು. ಗಂಜಿ ಬಸಿದು, ನಾನೂ ಒಂದು ಕಡೆ ಹಿಡಿದು ಡಬರಿ ಇಳಿಸಿದೆ. ಭಾರಕ್ಕೆ ಸೊಂಟ ಹಿಡಿಯಿತು. ಚಾಚಾ ಮುಚ್ಚಳ ಮುಚ್ಚಿ ಮೇಲೆ ಕಲ್ಲು ಹೇರಿದರು. ಯಾರೂ ಬರಲಿಲ್ಲ.

ಆ ಡಬರಿಯ ಪಕ್ಕ ಕೂತೇ ಚಾಚಾ ತಮ್ಮ ಹಡಗಿನ ಕಥೆ ಹೇಳಿದ್ದು. ವಿಯೆಟ್ನಾಂನಲ್ಲಿ ಯುದ್ಧ ಮುಗಿದ ಮೇಲೆ ಅಲ್ಲಿನ ಜನ ಊರು ಮನೆ ಬಿಟ್ಟು ಸಣ್ಣ ದೋಣಿಗಳಲ್ಲಿ ಸಮುದ್ರಕ್ಕೆ ಬೀಳುತ್ತಿದ್ದ ಕಾಲವಂತೆ. ಅಂಥದೊಂದು ದೋಣಿ ಇವರ ಹಡಗಿಗೆ ಎದುರಾಯಿತು. ತುಂಬಾ ಜನ, ಅಂಗಿ ಬಿಚ್ಚಿ ಬೀಸುತ್ತಿದ್ದರು. ಒಬ್ಬ ಹೆಂಗಸು ಕೂಸನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಹಡಗು ನಿಧಾನವಾದದ್ದೇ ತಡ, ದೋಣಿಯವರನ್ನು ಹತ್ತಿಸಿಕೊಳ್ಳುತ್ತಾರೆಂದು ಚಾಚಾ ಒಳಗೋಡಿ ಅನ್ನಕ್ಕಿಟ್ಟರು. ಬರುವವರು ಕಂಡರೆ ಎಸರಿಡುವುದು ನಮ್ಮ ಕಡೆಯ ರೂಢಿ, ಅದಕ್ಕೆ ಯಾರನ್ನು ಕೇಳಬೇಕು? ಆದರೆ ಇವರನ್ನು ಇಳಿಸಲು ಯಾವ ಬಂದರಿನವರೂ ಬಿಡುವುದಿಲ್ಲ ಎಂದು ಕಪ್ತಾನ ಹಡಗು ತಿರುಗಿಸಿಬಿಟ್ಟ. ಅನ್ನ ಬೆಂದ ಮೇಲೆ ಚಾಚಾ ಹೊರಗೆ ಬಂದು ನೋಡಿದರೆ ಬರೀ ನೀರು.

"ಅಷ್ಟೂ ಅನ್ನ ಸಮುದ್ರಕ್ಕ ಸುರಿದ್ನಿ ತಮ್ಮಾ. ಉಣ್ಣೋರು ಹಿಂದ ಉಳದಿದ್ರು."

ಹೊತ್ತು ಇಳಿಯುತ್ತಿತ್ತು, ಗಾಡಿಗೆ ಪಾತ್ರೆ ಹೇರಬೇಕಿತ್ತು. ಅನ್ನವನ್ನು ಮದುವೆ ಮನೆಯವರಿಗೇ ಕೊಟ್ಟುಬಿಡೋಣವೆಂದು ಕಲ್ಲು ತೆಗೆದು ಡಬರಿ ಎತ್ತಲು ಬಾಗಿದೆ. ಅದು ಒಂದೇ ಕೈಗೆ ಎದ್ದು ಬಂತು. ಮುಚ್ಚಳ ತೆಗೆದರೆ ಒಂದು ಅಗುಳೂ ಇಲ್ಲ. ತಳದಲ್ಲಿ ಸ್ವಲ್ಪ ನೀರಿತ್ತು.

ಚಾಚಾ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಅವರ ಕಣ್ಣು ತುಂಬಿ ಬಂತು. ಉಪ್ಪಾಗಿದೆಯಾ ಎಂದು ನಾನು ಕೇಳಲಿಲ್ಲ, ನಾನೂ ರುಚಿ ನೋಡಲಿಲ್ಲ. ಹೆದರಿ ಡಬರಿಯನ್ನು ಬೋರಲು ಹಾಕಿಬಿಟ್ಟೆ. ಆ ನೀರನ್ನು ಚೆಲ್ಲಬಾರದಿತ್ತು ಎಂದು ಇವತ್ತಿಗೂ ಹಳಹಳಿ ಆಗುತ್ತದೆ.

"ಉಂಡು ಹೋಗ್ಯಾರ ಬಿಡ್ರಿ ಚಾಚಾ" ಎಂದೆ, ಏನಾದರೂ ಒಂದು ಸಮಾಧಾನ ಹೇಳಬೇಕಲ್ಲ ಎಂದು. ಅವರು ಬೋರಲು ಬಿದ್ದ ಡಬರಿಯ ಮೇಲೆ ಕೈಯಿಟ್ಟರು.

"ದೊಡ್ಡೋರು ಉಂಡಿರಬೇಕು. ಆ ಕೂಸಿಗೆ ಸಿಕ್ತೋ ಇಲ್ಲೋ."

ಚಾಚಾ ಈಗಿಲ್ಲ. ಅನ್ನ ಎಲ್ಲಿ ಹೋಯಿತು ಎಂದು ನೀವು ಕೇಳಿದರೆ ಏನಾದರೊಂದು ಸಬೂಬು ಹೇಳಬಲ್ಲೆ. ನಾವು ಕಥೆಯಲ್ಲಿ ಮೈಮರೆತಾಗ ಯಾರೋ ಬಾಚಿಕೊಂಡು, ಕಲ್ಲನ್ನು ಮೊದಲಿನಂತೆ ಇಟ್ಟು ಹೋದರು ಎನ್ನಬಹುದು. ಅದನ್ನು ನಾನೇ ನಂಬುವುದಿಲ್ಲ, ಇರಲಿ. ಆ ಕೂಸಿನ ಬಗ್ಗೆ ಚಾಚಾ ಕೇಳಿದ್ದಕ್ಕೆ ಅಂಥದೊಂದು ಸಬೂಬು ಕೂಡ ನನಗೆ ಇಲ್ಲಿಯವರೆಗೆ ಸಿಕ್ಕಿಲ್ಲ.