ಕಡಬು ಮಾಸ್ತರರ ಊರು

ಬಳಿಗಾರ ಮಾಸ್ತರರು ಕಪ್ಪು ಹಲಗೆಯ ಮೇಲೆ ಯಾವಾಗಲೂ ಒಂದೇ ಊರಿನ ನಕ್ಷೆ ಬರೆಯುತ್ತಿದ್ದರು, ಅದೂ ತಾವು ಎಂದೂ ಕಾಲಿಡದ ಊರಿನದು. ಹೊಳೆ, ದಂಡೆ, ಕೋಟೆ, ಜೈಲಿನ ಗೋಪುರ. ಸೀಮೆಸುಣ್ಣ ಒಮ್ಮೆಯೂ ತಡೆಯುತ್ತಿರಲಿಲ್ಲ. ಅಣ್ಣಿಗೇರಿಯ ನಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರಿಗೆ ಎಂದೋ ಕಿರಾಣಿ ಅಂಗಡಿಯ ರದ್ದಿಯಲ್ಲಿ ರಟ್ಟು ಹರಿದ ಪುಸ್ತಿಕೆಯೊಂದು ಸಿಕ್ಕಿತ್ತು. ಸ್ಕಾಟ್ಲೆಂಡಿನ ಒಂದು ಸಣ್ಣ ಹಳೆಯ ಊರನ್ನು ಯಾಕೆ ನೋಡಬೇಕು ಎಂಬ ಕಾರಣಗಳು ಅದರಲ್ಲಿದ್ದವು. ಪ್ರತಿ ಶುಕ್ರವಾರ ಒಂದೊಂದು ಕಾರಣದ ಮೇಲೆ ನಾವು ನಿಬಂಧ ಬರೆಯಬೇಕಿತ್ತು.

ಊರಿನ ಹೆಸರನ್ನು ಅವರು ಒಂದಕ್ಷರವನ್ನೂ ಬಿಡದೆ ಓದುತ್ತಿದ್ದರು: ಕಿರ್ಕ್‌ಕಡ್‌ಬ್ರೈಟ್. ಹುಡುಗರಿಗೆ ಅಷ್ಟೇ ಸಾಕಾಯಿತು, ಅವರನ್ನು ಕಡಬು ಮಾಸ್ತರ ಎಂದು ಕರೆದರು. ಅವರಿಗೂ ಗೊತ್ತಿತ್ತು.

“ಅಲ್ಲಿ ಸಮುದ್ರದ ಇಳಿತಕ್ಕ ಹೊಳಿ ನೀರೂ ದಿನಕ್ಕ ಎರಡ ಸಲ ಇಳೀತೈತಿ. ಆವಾಗ ದೋಣಿ ಎಲ್ಲಾ ಕೆಸರಾಗ ಕುಂದರತಾವು, ನಮ್ಮ ಚಕ್ಕಡಿ ಕುಂತಂಗ,” ಎನ್ನುತ್ತಿದ್ದರು. “ಹಳೇ ಮಠದ ಕಲ್ಲು ತಂದು ಕೋಟಿ ಕಟ್ಟ್ಯಾರ. ಇದನ್ನ ಊರಾಗ ಹೇಳಬ್ಯಾಡ್ರಿ, ಗುಡಿ ಕಲ್ಲು ಹಿತ್ತಲಕ್ಕ ಹೊತ್ತಾರು.” ಬೆಳಕು ಚೆನ್ನಾಗಿದೆಯೆಂದು ಚಿತ್ರಕಾರರು ಅಲ್ಲಿ ಬಂದು ನೆಲೆಸಿದ್ದರು ಎಂಬ ಕಾರಣ ಬಂದಾಗ ಮಾತ್ರ ಕಿಟಕಿಯಾಚೆಯ ಬಿಸಿಲಿನತ್ತ ತಿರುಗುತ್ತಿದ್ದರು. “ಇಲ್ಲಿ ಬೆಳಕಿಗೇನು ಕಡಿಮಿ ಐತಿ. ಯಾರೂ ಬರವಲ್ಲರು.”

ಅವರು ನಿವೃತ್ತರಾದ ಮೇಲೆ, ಎಂಬತ್ತರ ದಶಕದ ನಡುವೆ, ಅಣ್ಣಿಗೇರಿಯ ಹಳೆಯ ಗುಡಿ ನೋಡಲು ಪರದೇಶದ ಮುದುಕಿಯೊಬ್ಬಳು ಬಂದಳು. ಇಂಗ್ಲಿಷ್ ಆಡಲು ಮಾಸ್ತರರನ್ನೇ ಕರೆಸಿದರು. ಸ್ಕಾಟ್ಲೆಂಡಿನವಳು ಎಂದು ತಿಳಿದದ್ದೇ ತಡ, ಗುಡಿಯನ್ನು ಬಿಟ್ಟು ಆ ಊರನ್ನು ನೋಡಬೇಕಾದ ಕಾರಣಗಳನ್ನೆಲ್ಲ ಅವಳಿಗೇ ಹೇಳಿದರು. ಅವಳು ಪೂರ್ತಿ ಕೇಳಿ, ಮೆಲ್ಲಗೆ “ಕರ್ಕೂಬ್ರಿ” ಅಂದಳು. ಮಾಸ್ತರರು ತಡಮಾಡಲಿಲ್ಲ. ಅಂಗಡಿಗೆ ಆಳು ಕಳಿಸಿ ಎರಡು ಬಟ್ಟಲು ಒಣ ಕೊಬ್ರಿ ತರಿಸಿ ಅವಳ ಕೈಗಿಟ್ಟರು.

ಅವಳು ಅಂದದ್ದು ಆ ಊರಿನ ಹೆಸರು, ಅದು ಅವಳ ತಾಯಿಯ ತವರೂರಂತೆ. ಅವಳು ಕಾಗದದ ಮೇಲೆ ಹೆಸರು ಬರೆದು, ಬಾಯಲ್ಲಿ ಬರದ ಅಕ್ಷರಗಳನ್ನು ಒಂದೊಂದಾಗಿ ಹೊಡೆದು ತೋರಿಸಿದಳು.

ಇದನ್ನೆಲ್ಲ ನನಗೆ ಹೇಳಿದವರು ಮಾಸ್ತರರೇ. ಆಗ ನಾನು ಕಲಘಟಗಿಯಲ್ಲಿ ಶಾಲೆ ಮಾಸ್ತರಿಣಿ. ಒಂದು ಸಂಜೆ ಪೇಪರು ತಿದ್ದಿ ತಲೆ ಸಿಡಿಯುತ್ತಿದ್ದಾಗ, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಧೂಳು ತುಂಬಿದ ಧೋತರದಲ್ಲಿ ಶಾಲೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಹಳೆಯ ವಿದ್ಯಾರ್ಥಿಗಳ ಹೆಸರಿನ ಪಟ್ಟಿ.

“ನಿನಗ ತಪ್ಪು ಕಲಿಸೇನವಾ. ತಿದ್ದಾಕ ಬಂದೀನಿ.”

ನನಗೆ ನಗುವಷ್ಟೂ ತ್ರಾಣವಿರಲಿಲ್ಲ. “ಬಿಡ್ರಿ ಸರ್ರ, ಆ ಊರಿಗೆ ಯಾರು ಹೊಂಟಾರ?” ಅಂದುಬಿಟ್ಟೆ.

“ಇದು ಹೋಗೂ ಮಾತಲ್ಲ, ಯವ್ವಾ. ನಿನ್ನ ಹೆಸರನ್ನ ಮೂವತ್ತು ವರ್ಷ ತಪ್ಪು ಕರದಿದ್ರ ನಿನಗ ಹೆಂಗ ಅನಸ್ತಿತ್ತು?”

ಊರಿನ ಸರಿಯಾದ ಹೆಸರನ್ನು ನನ್ನಿಂದ ಮೂರು ಸಲ ಹೇಳಿಸಿ, ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಗುರುತು ಹಾಕಿಕೊಂಡರು. ಚಹಾ ಅರ್ಧಕ್ಕೇ ಬಿಟ್ಟರು. ಏಳುವಾಗ ಬೆಂಚು ಹಿಡಿದುಕೊಂಡು, “ಇನ್ನ ಭಾಳ ಮಂದಿ ಉಳದಾರ. ಕಾಲು ಸೋತಾವು,” ಅಂದರು. ಪಟ್ಟಿ ನನಗೆ ಕೊಡಿ, ನಾನೂ ನಾಲ್ಕು ಜನರಿಗೆ ಹೇಳುತ್ತೇನೆ ಎನ್ನಬಹುದಿತ್ತು. ಅನ್ನಲಿಲ್ಲ. ಬೇಗ ಹೋದರೆ ಸಾಕೆನಿಸಿತ್ತು. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಅವರ ಮನೆಯ ಕಟ್ಟೆಯ ಮೇಲೆ ಶಲವಡಿಯ ಶಾಂತಾ ಕೂತಿದ್ದಳು, ಹೈಸ್ಕೂಲಿನಲ್ಲಿ ನನ್ನ ಬೆಂಚಿನ ಗೆಳತಿ.

“ಏನೋ ತಿದ್ದೂದೈತಿ, ಬರತೀನಿ ಅಂತ ಹೇಳಿ ಕಳಿಸಿದ್ರು,” ಅಂದಳು. “ಬರಲೇ ಇಲ್ಲ. ಏನಂತ ನಿನಗೇನರ ಗೊತ್ತೇನ?”

ನಾನೂ ದಣಿದಿದ್ದೆ. ಆದರೂ ಅವಳ ಬಾಜು ಕೂತೆ.

“ಕರ್ಕೂಬ್ರಿ,” ಅಂದೆ.

“ಕೊಬ್ರಿ?”

“ಅಲ್ಲ. ಕರ್ಕೂಬ್ರಿ. ಇನ್ನೊಮ್ಮೆ ಅನ್ನು.”

ಮೂರನೆಯ ಸಲಕ್ಕೆ ಅವಳಿಗೆ ಸರಿಯಾಗಿ ಬಂತು. ನಾನು ಒಳಗೆ ಹೋಗಿ, ಮಾಸ್ತರರ ಪಟ್ಟಿ ಎಲ್ಲಿದೆ ಎಂದು ಕೇಳಿದೆ.