ನಡುಹೊಳೆಯ ನೀರು

ಮಂಡಲ ಕಚೇರಿಯಿಂದ ನಿವೃತ್ತಳಾದ ಮೇಲೆ ಅಕ್ಕ ಕೇಳಿದ್ದು ಒಂದೇ: ಗುಡಿಯಿಲ್ಲದ ಕಡೆಗೆ ಒಂದು ಪ್ರವಾಸ. ಆದೋನಿಯ ನಮ್ಮ ಮನೆಯಲ್ಲಿ ಹಾಗೆ ಹೋದವರಿಲ್ಲ. ಊರು ಬಿಟ್ಟರೆ ದಾರಿಯ ಕೊನೆಗೆ ಒಬ್ಬ ದೇವರು ಇರಲೇಬೇಕು. ಅವಳಿಗೆ ಬೇಕಾದದ್ದು ಹೊಳೆ, ಅದೂ ನಡುಹೊಳೆ.

"ದಂಡ್ಯಾಗಿನ ನೀರು ಎಲ್ಲಾರೂ ತಲಿಗೆ ಹಾಕ್ಕೊಂತಾರ. ನಾನೂ ಜಲಮೆಲ್ಲಾ ಅದನ್ನ ಹಾಕ್ಕೊಂಡೀನಿ. ನಡುವಿನ ನೀರು ಒಮ್ಮಿ ಹಾಕ್ಕೋಬೇಕಲೋ ತಮ್ಮಾ."

ಗೋದಾವರಿಯಲ್ಲಿ ಮೂರು ಬಗೆ ಸಿಕ್ಕವು. ಬೆಳಿಗ್ಗೆ ಹೋಗಿ ಸಂಜೆ ಮರಳುವ ಎರಡಂತಸ್ತಿನ ಲಾಂಚು, ಅದರಲ್ಲೇ ಊಟ, ಹಾಡು, ಕುಣಿತ. ಇಲ್ಲವೇ ಲಾಂಚಿನಲ್ಲಿ ಹೋಗಿ ಮರಳ ದಂಡೆಯ ಬಿದಿರು ಗುಡಿಸಲಲ್ಲಿ ಉಳಿಯುವುದು. ಮೂರನೆಯದು ಎರಡು ದಿನವೂ ನೀರಿನ ಮೇಲೆಯೇ ಇರುವ ದೋಣಿಮನೆ: ಏಸಿ, ಮಂಚ, ಗೋಡೆಯಗಲ ಗಾಜು.

ಫೋನಿನಲ್ಲಿ ಅದರ ಚಿತ್ರ ನೋಡಿ ಅಕ್ಕ ನಕ್ಕಳು. "ಇದು ದೋಣಿ ಅಲ್ಲ ಬಿಡೋ. ಮಂತ್ರಾಲಯದ ಲಾಡ್ಜು ನೀರಾಗ ಬಿದ್ದೈತಿ!"

ಯಾವುದರಲ್ಲಿ ಕೂತರೆ ಕೈಗೆ ನೀರು ಸಿಗುತ್ತದೆಂದು ಏಜೆಂಟನನ್ನು ತೆಲುಗಿನಲ್ಲಿ ಕೇಳಿದಳು. "ಚೆಯ್ಯಿ ಬಯಟ ಪೆಟ್ಟಕೂಡದು ಮೇಡಮ್" ಅಂದ ಅವನು. ಮೂರರಲ್ಲೂ ಕೈ ಹೊರಗೆ ಚಾಚುವಂತಿಲ್ಲ.

"ಹಂಗಾದ್ರ ಮೂರೂ ಬ್ಯಾಡ."

ಅದಕ್ಕೇ, ಮಠದ ಊರೇ ಆದರೂ, ಮಂತ್ರಾಲಯಕ್ಕೆ ಕರೆದೊಯ್ದೆ. ಅಲ್ಲಿ ತುಂಗಭದ್ರೆಯ ಬುಟ್ಟಿಯಂಥ ಹರಗೋಲಿನ ಅಂಚು ನೀರಿಗಿಂತ ಒಂದು ಗೇಣು ಮೇಲೆ. ಕೈ ಇಳಿಬಿಟ್ಟರೆ ಸಾಕು.

ಆ ದಿನ ಮೋಡವಿತ್ತೆಂದು ನನ್ನ ನೆನಪು. ನಾನೇ ತೆಗೆದ ಫೋಟೊದಲ್ಲಿ ಸುಡುಬಿಸಿಲು. ಅಂಬಿಗನ ಮುಖ ನೆನೆಯಲು ಹೋದರೆ ಪ್ರತಿ ಸಲ ಬೇರೆ ಯಾರದೋ ಮುಖ ಬರುತ್ತದೆ. ಆದ್ದರಿಂದ ಅಂಗಾಲು ನೆನಪಿಟ್ಟದ್ದನ್ನಷ್ಟೇ ನಂಬುತ್ತೇನೆ: ತಳದ ಕೆಳಗೆ ನೀರು ಮೆಲ್ಲಗೆ ನೂಕುತ್ತಿತ್ತು, ಮಲಗಿದ್ದ ಯಾವುದೋ ದೊಡ್ಡ ಜೀವ ಮಗ್ಗುಲು ಬದಲಿಸಿದಂತೆ.

ನಡುವೆ ಬಂದಾಗ ಅಂಬಿಗ ಹುಟ್ಟು ಎತ್ತಿ ಹಿಡಿದ. ಹರಗೋಲು ತಾನಾಗಿ ತಿರುಗತೊಡಗಿತು. ದಂಡೆ, ಬಂಡೆ, ಆಕಾಶ, ಮತ್ತೆ ದಂಡೆ. ಇಷ್ಟು ವರ್ಷ ನಮ್ಮೆದುರು ಹರಿದುಹೋಗುತ್ತಿದ್ದ ಹೊಳೆ ಇಲ್ಲಿ ನಿಂತಿತ್ತು. ನಮ್ಮ ಊರುಗಳೇ ಹರಿದುಹೋಗುತ್ತಿದ್ದವು.

"ಅಂಜಿಕಿ ಬಂತೇನ್ರಿ ಅಕ್ಕಾರ?" ಅಂಬಿಗ ಕೇಳಿದ.

"ಸುಮ್ಮಕಿರಪ್ಪಾ" ಅಂದಳು ಅಕ್ಕ, ಪಿಸುದನಿಯಲ್ಲಿ. ಕಚೇರಿಯನ್ನೆಲ್ಲ ನಡುಗಿಸಿದ ಗಂಟಲು ಅದು. ಎರಡೂ ಕೈ ಮಡಿಲಲ್ಲಿದ್ದವು. ನೆನಪಿಸಬೇಕಾದದ್ದು ಒಂದಿತ್ತೆಂಬುದು ನನಗೂ ಹೊಳೆಯಲಿಲ್ಲ.

ದಂಡೆಗೆ ಇಳಿದ ಮೇಲೆ ಅಂಗೈ ನೋಡಿಕೊಂಡಳು. "ಅಯ್ಯ! ಮುಟ್ಟೋದೇ ಮರ್ತೆನಲ್ಲೋ!"

"ಇನ್ನೊಂದು ಸುತ್ತು ಹೋಗಾಣ ಬರ್ರಿ" ಅಂದ ಅಂಬಿಗ.

"ಬ್ಯಾಡಪ್ಪಾ. ಮತ್ತ ಮರಿತೀನಿ."

ಮರಳುವ ರೈಲಿನಲ್ಲಿ ಅಂಗೈ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಆಮೇಲೆ ಕೇಳಿದಳು, "ಗೋದಾವರ್ಯಾಗಿನ ಆ ಮೂರರಾಗ ಯಾವುದು ಬಾಳೊತ್ತು ನಡುವ ಇರ್ತೈತಿ?"

"ನಿನ್ನ ಲಾಡ್ಜು."

"ಅದನ್ನ ಬುಕ್ ಮಾಡು. ಕೈ ಸುದ್ದಿ ಬಿಡು."

ಕೋಸಗಿ ನಿಲ್ದಾಣ ದಾಟಿದರೂ ಆ ಒಣ ಅಂಗೈಯನ್ನು ಅವಳು ಮಡಚಲಿಲ್ಲ.